ಮೂವತ್ತೈದು ಕೀಲಿಗಳು: ವೈಜ್ಞಾನಿಕ ಕ್ಯಾಲ್ಕುಲೇಟರಿನ ಕೀಲಿಮಣೆಯ ರಚನೆಯನ್ನು ಕುರಿತು

ಸ್ಪೆಕ್ಟ್ರಾಮೀಟರಿನ ಸಹಾಯದಿಂದ ಗಾಜಿನ ಪ್ರಿಸಂ ಒಂದರ ವಕ್ರೀಭವನ ಸೂಚ್ಯಂಕವನ್ನು ಕಂಡುಹಿಡಿಯುವ ಪ್ರಯೋಗವು ನಮ್ಮ ಕಾಲೇಜುಗಳಲ್ಲಿ ಬಹಳ ಹಳೆಯದು. ಪ್ರಿಸಂನ ಕೋನ 60 ಡಿಗ್ರಿ, ಕನಿಷ್ಠ ವಿಚಲನೆ 38 ಡಿಗ್ರಿ ಎಂದು ಇಟ್ಟುಕೊಳ್ಳೋಣ. ಎರಡನ್ನೂ ಕೂಡಿ ಅರ್ಧ ಮಾಡಿದರೆ 49. ಪ್ರಿಸಂನ ಕೋನದ ಅರ್ಧ 30. 49ರ ಸೈನನ್ನು 30ರ ಸೈನಿನಿಂದ ಭಾಗಿಸಿದರೆ ಬೇಕಾದ ಸಂಖ್ಯೆ ದೊರೆಯುತ್ತದೆ. ಹಿಂದೆ ಈ ಭಾಗಾಕಾರಕ್ಕೆ ಕ್ಲಾರ್ಕನ ಕೋಷ್ಟಕವನ್ನು ತೆರೆದು ಲಾಗ್, ಆಂಟಿಲಾಗ್‌ಗಳನ್ನು ನೋಡಬೇಕಾಗಿತ್ತು. ಈಗ ವಿದ್ಯಾರ್ಥಿಯ ಕೈಯಲ್ಲಿ ಕ್ಯಾಲ್ಕುಲೇಟರ್ ಇದೆ. ಆದರೆ ಇದೇ ಅಳತೆಗಳನ್ನು ಮೂವರು ವಿದ್ಯಾರ್ಥಿಗಳು ಮೂರು ಕ್ಯಾಲ್ಕುಲೇಟರುಗಳಿಗೆ ಕೊಟ್ಟಾಗ ಒಬ್ಬರಿಗೆ 1.509, ಮತ್ತೊಬ್ಬರಿಗೆ 0.965, ಇನ್ನೊಬ್ಬರಿಗೆ 1.533 ಎಂಬ ಉತ್ತರಗಳು ಬರುವುದುಂಟು. ಮೂರು ಯಂತ್ರಗಳೂ ಸುಸ್ಥಿತಿಯಲ್ಲಿಯೇ ಇವೆ. ಮೂವರೂ ಒತ್ತಿದ ಕೀಲಿಗಳು ಒಂದೇ.

ಇದರ ಕಾರಣವು ಅಧ್ಯಾಪಕರಿಗೆ ತಿಳಿಯದ್ದೇನೂ ಅಲ್ಲ. ಅದನ್ನು ಮುಂದೆ ವಿವರಿಸುತ್ತೇವೆ. ಇಂತಹ ತಪ್ಪನ್ನು ವಿದ್ಯಾರ್ಥಿಯ ಅಜಾಗರೂಕತೆಯೆಂದು ಹೇಳಿ ನಾವು ಸಾಮಾನ್ಯವಾಗಿ ಮುಗಿಸಿಬಿಡುತ್ತೇವೆ. ಆದರೆ ಅದರಲ್ಲಿ ಒಂದು ಪಾಲು ಕೀಲಿಮಣೆಯನ್ನು ರಚಿಸಿದವರದೂ ಹೌದೆಂಬುದು ನಮ್ಮ ಅಭಿಪ್ರಾಯ. ಯಾವ ಗಣಿತಕ್ರಿಯೆಗೆ ಒಂದು ಕೀಲಿಯನ್ನು ಕೊಡಬೇಕು, ಯಾವುದನ್ನು ಮತ್ತೊಂದರ ಹಿಂದೆ ಅಡಗಿಸಬೇಕು, ಯಾವುದನ್ನು ಬಿಟ್ಟೇಬಿಡಬೇಕು ಎಂಬ ನಿರ್ಧಾರಗಳನ್ನು ಯಾರೋ ಎಲ್ಲಿಯೋ ಕುಳಿತು ಮಾಡಿದ್ದಾರೆ. ಆ ನಿರ್ಧಾರಗಳ ಫಲವನ್ನು ನಮ್ಮ ಪ್ರಯೋಗಶಾಲೆಯ ಪುಸ್ತಕಗಳಲ್ಲಿ ನಾವು ತಿದ್ದುತ್ತಿದ್ದೇವೆ. ಆದಕಾರಣ ಆ ನಿರ್ಧಾರಗಳನ್ನು ಮೊದಲಬಾರಿಗೆ ಮಾಡಬೇಕಾಗಿ ಬಂದ ಒಂದು ಯಂತ್ರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸುತ್ತೇವೆ. ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು 1972ರಲ್ಲಿ ಹೊರತಂದ ಎಚ್‌ಪಿ-35 ಎಂಬುದೇ ಆ ಯಂತ್ರ. ಜೇಬಿನಲ್ಲಿಟ್ಟುಕೊಳ್ಳಬಹುದಾದ ವೈಜ್ಞಾನಿಕ ಕ್ಯಾಲ್ಕುಲೇಟರುಗಳ ಪೈಕಿ ಇದೇ ಮೊದಲನೆಯದು. ಹೆಸರಿನಲ್ಲಿರುವ 35 ಎಂಬುದು ಅದರ ಕೀಲಿಗಳ ಸಂಖ್ಯೆ.

ಇದಕ್ಕೆ ಮೊದಲು, 1968ರಲ್ಲಿ, ಅದೇ ಸಂಸ್ಥೆಯು 9100ಎ ಎಂಬ ಮೇಜಿನ ಯಂತ್ರವನ್ನು ಮಾರಾಟಕ್ಕೆ ತಂದಿತ್ತು. ಅದರ ತೂಕ ಸುಮಾರು 18 ಕಿಲೋಗ್ರಾಂ, ಬೆಲೆ 4,900 ಡಾಲರ್. ಅದರ ವಿಶಾಲವಾದ ಕೀಲಿಮಣೆಯಲ್ಲಿ ತ್ರಿಕೋಣಮಿತಿಯ ಕೀಲಿಗಳಲ್ಲದೆ ಹೈಪರ್ಬಾಲಿಕ್ ಫಲನಗಳಿಗೂ ಸ್ಥಳವಿತ್ತು. ಡಿಗ್ರಿ ಮತ್ತು ರೇಡಿಯನ್‌ಗಳ ನಡುವೆ ಬದಲಾಯಿಸಲು ಒಂದು ಸ್ವಿಚ್ಚೂ ಇತ್ತು. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ವಿಲಿಯಂ ಹ್ಯೂಲೆಟ್ ಅವರು ಈ ಯಂತ್ರವನ್ನು ಅಂಗಿಯ ಜೇಬಿಗೆ ಹಿಡಿಸುವಷ್ಟು ಚಿಕ್ಕದು ಮಾಡಬೇಕೆಂದು ಬಯಸಿದರು. ಅಂಥ ವಸ್ತುವಿಗೆ ಹೇಳಿಕೊಳ್ಳುವಂಥ ಮಾರುಕಟ್ಟೆಯಿಲ್ಲವೆಂದು ಸಂಶೋಧನೆಯೊಂದು ವರದಿ ಮಾಡಿದರೂ ಅವರು ಹಿಂಜರಿಯಲಿಲ್ಲ. ಸಿದ್ಧವಾದ ಯಂತ್ರದ ಉದ್ದ ಸುಮಾರು 15 ಸೆಂಟಿಮೀಟರ್, ಅಗಲ 8 ಸೆಂಟಿಮೀಟರ್, ತೂಕ ಹತ್ತಿರ ಹತ್ತಿರ ಕಾಲು ಕಿಲೋಗ್ರಾಂ. ಬೆಲೆ 395 ಡಾಲರ್, ಎಂದರೆ ಅಂದಿನ ವಿನಿಮಯ ದರದಲ್ಲಿ ಸುಮಾರು 3,000 ರೂಪಾಯಿ. 1975ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಮೂರು ಲಕ್ಷಕ್ಕೂ ಮೀರಿ ಮಾರಾಟವಾಗಿದ್ದಿತು. ಇಂಜಿನಿಯರುಗಳ ಕೈಯಲ್ಲಿ ಮೂರು ಶತಮಾನಗಳಿಂದ ಇದ್ದ ಸ್ಲೈಡ್ ರೂಲು ಅದೇ ವರ್ಷಗಳಲ್ಲಿ ಮರೆಯಾಯಿತು.

ಸಾಮಾನ್ಯವಾಗಿ ಇಂತಹ ಉಪಕರಣಗಳಲ್ಲಿ ಒಳಗಿನ ವಿದ್ಯುನ್ಮಂಡಲವು ಮೊದಲು ಸಿದ್ಧವಾಗಿ, ಹೊರಗಿನ ಪೆಟ್ಟಿಗೆ ಅದಕ್ಕೆ ತಕ್ಕಂತೆ ಆಮೇಲೆ ತಯಾರಾಗುತ್ತದೆ. ಇಲ್ಲಿ ಆ ಕ್ರಮವು ತಲೆಕೆಳಗಾಯಿತು. ಆಕಾರ, ಕೀಲಿಮಣೆ, ಅಂಕಿಗಳು ಬೆಳಗುವ ಕಿಟಕಿ ಇವುಗಳನ್ನು ಮೊದಲು ನಿಶ್ಚಯಿಸಿ, ವಿದ್ಯುನ್ಮಂಡಲವನ್ನು ಆ ಆಕಾರದೊಳಗೆ ಸೇರಿಸಬೇಕೆಂದು ಇಂಜಿನಿಯರುಗಳಿಗೆ ಹೇಳಲಾಯಿತು. ಆಕಾರವನ್ನು ರೂಪಿಸಿದ ಎಡ್ವರ್ಡ್ ಲಿಲ್ಯೆನ್‌ವಾಲ್ ಅವರು ಸಂಸ್ಥೆಯ ನಿಯತಕಾಲಿಕದ 1972ರ ಜೂನ್ ಸಂಚಿಕೆಯಲ್ಲಿ ಈ ಕೆಲಸವನ್ನು ವರ್ಣಿಸಿದ್ದಾರೆ. ಕೀಲಿಗಳ ಅಂತರವೇ ಅವರಿಗೆ ಎದುರಾದ ದೊಡ್ಡ ತೊಡಕು. ಅಂದು ರೂಢಿಯಲ್ಲಿದ್ದ ಅಳತೆಯಂತೆ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಮುಕ್ಕಾಲು ಅಂಗುಲ, ಎಂದರೆ 19 ಮಿಲಿಮೀಟರ್ ಇರಬೇಕು. ಎಂಟು ಸೆಂಟಿಮೀಟರ್ ಅಗಲದ ಯಂತ್ರದಲ್ಲಿ ಈ ಅಳತೆಯಿಂದ ಒಂದು ಸಾಲಿಗೆ ನಾಲ್ಕು ಕೀಲಿಗಳು ಕಷ್ಟದಿಂದ ಹಿಡಿಯುತ್ತವೆ; ಐದು ಎಂದಿಗೂ ಹಿಡಿಯಲಾರವು. ಕೊನೆಗೆ ಅಂಕಿಗಳ ಕೀಲಿಗಳಿಗೆ 11/16 ಅಂಗುಲ, ಉಳಿದವುಗಳಿಗೆ ಅರ್ಧ ಅಂಗುಲ ಎಂದು ತೀರ್ಮಾನವಾಯಿತು. ಕೀಲಿಯ ತಲೆಯನ್ನೇ ಕಿರಿದು ಮಾಡಿ ಕೀಲಿಗಳ ನಡುವಣ ಖಾಲಿ ಜಾಗವನ್ನು ಉಳಿಸಿಕೊಂಡುದರಿಂದ ಬೆರಳು ಏಕಕಾಲದಲ್ಲಿ ಎರಡು ಕೀಲಿಗಳನ್ನು ಒತ್ತುವ ಭಯ ತಪ್ಪಿತು. ಬೆರಳಿಗೆ ಬೇಕಾದುದು ದೊಡ್ಡ ಕೀಲಿಯಲ್ಲ, ಕೀಲಿಗಳ ನಡುವಣ ಬಿಡುವು ಎಂಬ ಈ ತಿಳಿವಳಿಕೆಯಿಂದಲೇ ಜೇಬಿನ ಕ್ಯಾಲ್ಕುಲೇಟರ್ ಸಾಧ್ಯವಾಯಿತೆನ್ನಬಹುದು.

ಕೀಲಿಗಳನ್ನು ಗುಂಪುಗಳಾಗಿ ಬೇರ್ಪಡಿಸಿದ ಬಗೆಯೂ ಗಮನಾರ್ಹವಾದುದು. ಅತ್ಯಂತ ಹೆಚ್ಚಾಗಿ ಬಳಕೆಯಾಗುವ ಅಂಕಿಗಳ ಕೀಲಿಗಳು ದೊಡ್ಡವು, ಕಣ್ಣಿಗೆ ಎದ್ದು ಕಾಣುವಂಥವು. ಅವುಗಳ ಗುರುತು ಕೀಲಿಯ ಮೇಲೆಯೇ ಇದೆ. ಅನಂತರದ ಗುಂಪಿಗೆ ನೀಲಿ ಬಣ್ಣ. ವಿರಳವಾಗಿ ಬಳಸುವ ಕೀಲಿಗಳು ಹಿನ್ನೆಲೆಯಲ್ಲಿ ಬೆರೆತಂತಿವೆ; ಅವುಗಳ ಹೆಸರು ಕೀಲಿಯ ಮೇಲಿಲ್ಲದೆ ಅದರ ಮೇಲ್ಗಡೆಯ ಹಲಗೆಯ ಮೇಲಿದೆ. ಹೀಗೆ ಗಾತ್ರ, ಬಣ್ಣ, ಅಕ್ಷರಗಳ ಸ್ಥಾನ ಇವು ಮೂರರಿಂದಲೂ ಬಳಕೆಯ ಪ್ರಮಾಣವು ಸೂಚಿತವಾಗುತ್ತದೆ. ಎಲ್ಲವನ್ನೂ ಅಳಿಸಿಬಿಡುವ ಕೀಲಿಯನ್ನು ಬಲಮೇಲಿನ ಮೂಲೆಯಲ್ಲಿ, ಅಂಕಿಗಳಿಂದ ಬಹು ದೂರದಲ್ಲಿ ಇಟ್ಟಿರುವರು. ಕೊನೆಯ ಸಂಖ್ಯೆಯನ್ನು ಮಾತ್ರ ಅಳಿಸುವ ಕೀಲಿಯಾದರೋ ಅಂಕಿಗಳ ಪಕ್ಕದಲ್ಲಿಯೇ ಇದೆ. ಸಣ್ಣ ತಪ್ಪನ್ನು ತಿದ್ದುವುದು ಸುಲಭವಾಗಬೇಕು, ದೊಡ್ಡ ನಷ್ಟವಾಗುವುದು ಕಷ್ಟವಾಗಬೇಕು. ಮತ್ತೊಂದು ಸೂಕ್ಷ್ಮವೆಂದರೆ, ಪ್ರತಿ ಕೀಲಿಯ ಕೆಳಗೂ ಬಾಗಿದ ತೆಳು ಲೋಹದ ಪಟ್ಟಿ ಇದ್ದು, ಒಂದು ಮಿತಿಯವರೆಗೆ ತಡೆದು ಆಮೇಲೆ ಥಟ್ಟನೆ ಕುಸಿಯುತ್ತದೆ. ಒತ್ತಿದುದು ಯಂತ್ರಕ್ಕೆ ಮುಟ್ಟಿತೆಂಬುದು ಬೆರಳಿಗೇ ತಿಳಿಯುವುದರಿಂದ, ಕಣ್ಣು ಅಳತೆಯ ಪುಸ್ತಕದ ಮೇಲೆಯೇ ಇರಬಹುದು. ಅಗ್ಗದ ಕ್ಯಾಲ್ಕುಲೇಟರುಗಳ ರಬ್ಬರಿನ ಕೀಲಿಗಳನ್ನು ಒತ್ತಿ, ಅಂಕಿ ಬಂದಿತೋ ಇಲ್ಲವೋ ಎಂದು ಪ್ರತಿಬಾರಿಯೂ ತಲೆಯೆತ್ತಿ ನೋಡುವವರಿಗೆ ಇದರ ಬೆಲೆ ಗೊತ್ತು.

ಅಂಕಿಗಳ ಜೋಡಣೆಯ ವಿಷಯದಲ್ಲಿ ಮಾತ್ರ ರಚನಕಾರರಿಗೆ ಆಯ್ಕೆಯೇ ಇರಲಿಲ್ಲ. 7, 8, 9 ಮೇಲಿನ ಸಾಲಿನಲ್ಲಿರುವ ಕ್ರಮವು 1914ರ ಸಂಡ್‌ಸ್ಟ್ರಾಂಡ್ ಕೂಡುಯಂತ್ರದ ಕಾಲದಿಂದ ಬಂದುದು. ದೂರವಾಣಿಯವರು ಮಾತ್ರ ಬೇರೆ ದಾರಿ ಹಿಡಿದರು: ಬೆಲ್ ಪ್ರಯೋಗಾಲಯದ ಡೈನಿಂಗರ್ ಅವರು ನಾನಾ ಬಗೆಯ ಜೋಡಣೆಗಳನ್ನು ಜನರ ಕೈಯಲ್ಲಿ ಪರೀಕ್ಷಿಸಿ 1960ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು, 1963ರಲ್ಲಿ ಬಳಕೆಗೆ ಬಂದ ಒತ್ತುಗುಂಡಿಯ ದೂರವಾಣಿಯಲ್ಲಿ 1, 2, 3 ಮೇಲಿನ ಸಾಲಿನಲ್ಲಿವೆ. ಅದರಿಂದಾಗಿ ಇಂದು ನಮ್ಮ ಒಂದು ಜೇಬಿನಲ್ಲಿ ಒಂದು ಕ್ರಮ, ಇನ್ನೊಂದು ಜೇಬಿನಲ್ಲಿ ಮತ್ತೊಂದು ಕ್ರಮ.

ಈಗ ಫಲನಗಳ ಆಯ್ಕೆಗೆ ಬರೋಣ. ಹತ್ತು ಅಂಕಿಗಳು, ದಶಮಾಂಶ ಬಿಂದು, ನಾಲ್ಕು ಮೂಲಕ್ರಿಯೆಗಳು: ಇಷ್ಟಕ್ಕೆ ಹದಿನೈದು ಕೀಲಿಗಳು ಮುಗಿದವು. ಚಿಹ್ನೆಯನ್ನು ಬದಲಾಯಿಸಲು ಒಂದು, ಹತ್ತರ ಘಾತವನ್ನು ಬರೆಯಲು ಒಂದು, ಅಳಿಸಲು ಎರಡು, ಸ್ಮೃತಿಯಲ್ಲಿ ಇಡಲು ಒಂದು, ತೆಗೆಯಲು ಒಂದು. ಸಂಖ್ಯೆಗಳನ್ನು ಯಂತ್ರದೊಳಗೆ ಸರಿಸಾಡಲು ಮೂರು. ಉಳಿದುವು ಹನ್ನೊಂದು. ವಿಜ್ಞಾನವೆಲ್ಲವೂ ಈ ಹನ್ನೊಂದು ಕೀಲಿಗಳಲ್ಲಿ ಅಡಗಬೇಕು. ಅವು ಯಾವುವೆಂದರೆ: ಸೈನ್, ಕೊಸೈನ್, ಟ್ಯಾನ್‌ಜೆಂಟ್, ಇವುಗಳನ್ನು ವಿಲೋಮ ಮಾಡುವ 'ಆರ್ಕ್', ಹತ್ತರ ಆಧಾರದ ಲಾಗ್, ಸ್ವಾಭಾವಿಕ ಲಾಗ್, ಇ-ಯ ಘಾತ, ಎಕ್ಸ್-ಘಾತ-ವೈ, ವರ್ಗಮೂಲ, ವ್ಯುತ್ಕ್ರಮ ಮತ್ತು ಪೈ. 9100ಎ ಯಂತ್ರದಲ್ಲಿದ್ದ ಹೈಪರ್ಬಾಲಿಕ್ ಕೀಲಿಯೂ ರೇಡಿಯನ್ನಿನ ಸ್ವಿಚ್ಚೂ ಇಲ್ಲಿ ಬಿಟ್ಟುಹೋದವು. ವರ್ಗಕ್ಕೆ ಕೀಲಿಯಿಲ್ಲ, ಕ್ರಮಗುಣಿತಕ್ಕೆ ಇಲ್ಲ. ಎಲ್ಲಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ ಆಂಟಿಲಾಗಿಗೆ, ಎಂದರೆ ಹತ್ತರ ಘಾತವನ್ನು ಲೆಕ್ಕಹಾಕುವುದಕ್ಕೆ, ಪ್ರತ್ಯೇಕವಾದ ಕೀಲಿಯೇ ಇಲ್ಲ.

ಈ ಕೊರತೆಯನ್ನು ಅವರು ತುಂಬಿದ ರೀತಿಯನ್ನು ನೋಡಿದರೆ ಕೀಲಿಮಣೆಯ ರಚನೆಯೆಂಬುದು ಎಷ್ಟು ಹೆಣೆದುಕೊಂಡ ಕೆಲಸವೆಂಬುದು ಮನದಟ್ಟಾಗುತ್ತದೆ. ಎರಡು ಸಂಖ್ಯೆಗಳ ಮೇಲೆ ನಡೆಯುವ ಕ್ರಿಯೆಗಳಲ್ಲಿ ಮೊದಲು ಕೊಟ್ಟ ಸಂಖ್ಯೆಯು ಯಂತ್ರದ 'ವೈ' ಎಂಬ ಮನೆಯಲ್ಲಿಯೂ, ಆಮೇಲೆ ಕೊಟ್ಟು ಕಿಟಕಿಯಲ್ಲಿ ಕಾಣುತ್ತಿರುವ ಸಂಖ್ಯೆಯು 'ಎಕ್ಸ್' ಎಂಬ ಮನೆಯಲ್ಲಿಯೂ ಇರುತ್ತವೆ. ಎಚ್‌ಪಿ-35ರಲ್ಲಿ ಘಾತದ ಕೀಲಿಯು ಕಿಟಕಿಯಲ್ಲಿರುವ ಸಂಖ್ಯೆಯನ್ನು ಮೊದಲು ಕೊಟ್ಟ ಸಂಖ್ಯೆಯ ಘಾತಕ್ಕೆ ಏರಿಸುತ್ತದೆ. ಎಂದರೆ ಶೇಕಡಾ 6ರ ಚಕ್ರಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಒಂದು ರೂಪಾಯಿ ಎಷ್ಟಾಗುವುದೆಂದು ತಿಳಿಯಬೇಕಾದರೆ ಮೊದಲು 10, ಅನಂತರ 1.06 ಒತ್ತಬೇಕು, ಆಗ 1.7908 ಎಂದು ಬರುತ್ತದೆ. ಇದು ನಾವು ಬರೆಯುವ ಕ್ರಮಕ್ಕೂ ಮಾತಾಡುವ ಕ್ರಮಕ್ಕೂ ವಿರುದ್ಧ. ಆದರೆ ದೀರ್ಘವಾದ ಲೆಕ್ಕವೊಂದರ ಕೊನೆಯಲ್ಲಿ ಒಂದು ಲಾಗ್ ಬೆಲೆ ಕಿಟಕಿಯಲ್ಲಿ ಬಂದು ನಿಂತಿದೆಯೆಂದುಕೊಳ್ಳಿ. ಅದರ ಆಂಟಿಲಾಗ್ ಬೇಕು. ಆಗ 10 ಎಂದು ಒತ್ತಿ ಘಾತದ ಕೀಲಿಯನ್ನು ಒತ್ತಿದರೆ ಸಾಕು. ಬಂದಿದ್ದ ಸಂಖ್ಯೆ ತಾನಾಗಿ ಮೇಲಕ್ಕೆ ಸರಿದು ಘಾತವಾಗುತ್ತದೆ. ಇಲ್ಲದ ಕೀಲಿಯೊಂದರ ಕೆಲಸವು ಹೀಗೆ ಮೂರು ಒತ್ತುಗಳಲ್ಲಿ ಆಗಿಹೋಗುತ್ತದೆ. ಮರುವರ್ಷ, 1973ರಲ್ಲಿ, ಬಂದ ಎಚ್‌ಪಿ-45ರಲ್ಲಿ ಹತ್ತರ ಘಾತಕ್ಕೆ ಬೇರೆ ಸ್ಥಾನ ದೊರೆಯಿತು. ಒಡನೆಯೇ ಘಾತದ ಕೀಲಿಯೂ ತಿರುಗಿ ವೈ-ಘಾತ-ಎಕ್ಸ್ ಆಯಿತು. ಈ ಎರಡು ಬದಲಾವಣೆಗಳು ಜೊತೆಗೂಡಿ ಬಂದುದು ಕೇವಲ ಆಕಸ್ಮಿಕವಲ್ಲವೆಂದು ನಾವು ಊಹಿಸುತ್ತೇವೆ.

ಪೈಗೆ ಒಂದು ಪೂರ್ಣ ಕೀಲಿಯನ್ನು ಕೊಟ್ಟುದು ದುಂದೆಂದು ತೋರಬಹುದು. ಆದರೆ ಯಂತ್ರವು ಡಿಗ್ರಿಗಳನ್ನು ಮಾತ್ರ ಬಲ್ಲದು. ರೇಡಿಯನ್ನಿನಲ್ಲಿ ಕೆಲಸ ಮಾಡುವವನು ಪ್ರತಿಬಾರಿಯೂ 180ರಿಂದ ಗುಣಿಸಿ ಪೈಯಿಂದ ಭಾಗಿಸಬೇಕು. ಅವನಿಗೆ ಹತ್ತು ಅಂಕಿಗಳ ಪೈಯನ್ನು ಬೆರಳತುದಿಯಲ್ಲಿ ಒದಗಿಸುವುದೇ ಸ್ವಿಚ್ಚಿನ ಬದಲಿಗೆ ಕೊಟ್ಟ ಪರಿಹಾರ. 'ಆರ್ಕ್' ಕೀಲಿಯಿಂದ ನಾಲ್ಕು ಕೀಲಿಗಳಲ್ಲಿ ಆರು ಫಲನಗಳಾದವು. ಇದೇ ಉಪಾಯವನ್ನು ಲಾಗುಗಳಿಗೂ ವಿಸ್ತರಿಸಬಹುದಾಗಿತ್ತಲ್ಲವೇ ಎಂದು ವಾಚಕರು ಕೇಳಬಹುದು. 1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯವರು ಸುಮಾರು 25 ಡಾಲರಿಗೆ ಮಾರಿದ ಟಿಐ-30 ಯಂತ್ರದಲ್ಲಿ ಹಾಗೆಯೇ ಮಾಡಿದರು: 'ವಿಲೋಮ' ಎಂಬ ಒಂದೇ ಕೀಲಿಯು ಸೈನನ್ನೂ ಲಾಗನ್ನೂ ಹಿಂದುಮುಂದಾಗಿಸುತ್ತದೆ. ತರ್ಕದ ದೃಷ್ಟಿಯಿಂದ ಇದು ಎಚ್‌ಪಿ-35ರ ಏರ್ಪಾಡಿಗಿಂತ ಅಚ್ಚುಕಟ್ಟಾದುದೆಂದೇ ಹೇಳಬೇಕು.

ಯಂತ್ರದ ಒಳಗೆ ನಡೆಯುವುದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅವಶ್ಯ; ಏಕೆಂದರೆ ಕೀಲಿಯ ಬೆಲೆಯನ್ನು ನಿರ್ಣಯಿಸುವುದು ಹೊರಗಿನ ಸ್ಥಳ ಮಾತ್ರವಲ್ಲ. ಎಚ್‌ಪಿ-35ರ ಎಲ್ಲ ಲೆಕ್ಕಗಳ ವಿಧಾನಗಳೂ 768 ಆದೇಶಗಳಲ್ಲಿ ಅಡಕವಾಗಿದ್ದವು. ಅಷ್ಟು ಇಕ್ಕಟ್ಟಿನಲ್ಲಿ ಪ್ರತಿಯೊಂದು ಫಲನಕ್ಕೂ ಬೇರೆ ಬೇರೆ ಶ್ರೇಣಿಗಳನ್ನು ಬರೆಯಲಾಗದು. ಈ ವಿಧಾನಗಳನ್ನು ರಚಿಸಿದ ಡೇವಿಡ್ ಕಾಕ್ರನ್ ಅವರು ಜ್ಯಾಕ್ ವೋಲ್ಡರ್ 1959ರಲ್ಲಿ ಪ್ರಕಟಿಸಿದ ಕಾರ್ಡಿಕ್ ಎಂಬ ಕ್ರಮವನ್ನೂ, 1962ರಲ್ಲಿ ಮೆಗಿಟ್ ಅವರು ತೋರಿಸಿದ ದಶಮಾಂಶ ರೂಪವನ್ನೂ ಆಶ್ರಯಿಸಿದರು. ಇದರಲ್ಲಿ ಗುಣಾಕಾರವಿಲ್ಲ, ಕೋನವನ್ನು, ಟ್ಯಾನ್‌ಜೆಂಟ್ 1, 0.1, 0.01 ಹೀಗೆ ಇರುವ ಕೆಲವೇ ಗೊತ್ತಾದ ಕೋನಗಳ ಮೊತ್ತವಾಗಿ ಒಡೆದು, ಕೂಡುವುದು ಮತ್ತು ಅಂಕಿಗಳನ್ನು ಪಕ್ಕಕ್ಕೆ ಸರಿಸುವುದು ಇವೆರಡರಿಂದಲೇ ಉತ್ತರವನ್ನು ಪಡೆಯುತ್ತಾರೆ. ಯಂತ್ರವು ನಿಜವಾಗಿ ಲೆಕ್ಕಹಾಕುವುದು ಟ್ಯಾನ್‌ಜೆಂಟನ್ನು ಮಾತ್ರ. ಅದನ್ನು, ಅದರ ವರ್ಗಕ್ಕೆ ಒಂದನ್ನು ಕೂಡಿ ತೆಗೆದ ವರ್ಗಮೂಲದಿಂದ ಭಾಗಿಸಿದರೆ ಸೈನ್ ಸಿದ್ಧವಾಗುತ್ತದೆ. ವರ್ಗಮೂಲದ ವಿಧಾನವಂತೂ ಶಾಲೆಯ ಹುಡುಗರಿಗೂ ರುಚಿಸುವಂಥದು: 49ರಿಂದ 1, 3, 5, 7, 9, 11, 13 ಎಂಬ ಬೆಸಸಂಖ್ಯೆಗಳನ್ನು ಒಂದಾದಮೇಲೊಂದು ಕಳೆಯಿರಿ, ಏಳನೆಯ ಸಲಕ್ಕೆ ಶೂನ್ಯ ಬರುತ್ತದೆ, ಆ ಏಳೇ ವರ್ಗಮೂಲ. ಎಕ್ಸ್-ಘಾತ-ವೈ ಎಂಬುದು ಲಾಗ್ ಮತ್ತು ಇ-ಘಾತಗಳ ಜೋಡಣೆಯಷ್ಟೆ. ಆದಕಾರಣ ಸೈನ್ ಮತ್ತು ಕೊಸೈನ್ ಕೀಲಿಗಳಿಗೆ ಒಳಗೆ ತಗಲುವ ವೆಚ್ಚ ಅತ್ಯಲ್ಪ. ಅವುಗಳ ನಿಜವಾದ ವೆಚ್ಚ ಹೊರಗೆ, ಆ ಅರ್ಧ ಅಂಗುಲದ ಸ್ಥಳದಲ್ಲಿ. ಒಂದು ತ್ರಿಕೋಣಮಿತಿಯ ಉತ್ತರಕ್ಕೆ ಸುಮಾರು ಅರ್ಧ ಸೆಕೆಂಡು ಹಿಡಿಯುತ್ತಿತ್ತು.

ಈ ಆದೇಶಗಳು ಸಿಲಿಕಾನಿನಲ್ಲಿ ಅಚ್ಚಾಗಿರುವುದರಿಂದ ಒಮ್ಮೆ ತಪ್ಪಿದರೆ ತಿದ್ದುವ ಮಾರ್ಗವಿಲ್ಲ. ಮೊದಲ ಯಂತ್ರಗಳಲ್ಲಿ 2.02ರ ಸ್ವಾಭಾವಿಕ ಲಾಗನ್ನು ತೆಗೆದು, ಪಕ್ಕದಲ್ಲೇ ಇರುವ ಇ-ಘಾತದ ಕೀಲಿಯನ್ನು ಒತ್ತಿದರೆ 2.02 ಬರುವ ಬದಲು 2 ಬರುತ್ತಿತ್ತು. ಸಂಸ್ಥೆಯವರು ಇದನ್ನು ಗ್ರಾಹಕರಿಗೆ ತಿಳಿಸಿ, ಬಯಸಿದವರಿಗೆ ಯಂತ್ರವನ್ನು ಬದಲಾಯಿಸಿಕೊಡಲು ಮುಂದಾದರು. ಹತ್ತು ಅಂಕಿಗಳ ನಿಖರತೆಯನ್ನು ಸಾರುವ ಯಂತ್ರದಲ್ಲಿ ಮೂರನೆಯ ಅಂಕಿಯೇ ಕಾಣೆಯಾದ ಈ ಪ್ರಸಂಗವನ್ನು ಸಂಖ್ಯಾತ್ಮಕ ವಿಧಾನಗಳ ತರಗತಿಯಲ್ಲಿ ಹೇಳುವುದು ಉಪಯುಕ್ತ.

ಸಂಖ್ಯೆಗಳನ್ನು ಸರಿಸಾಡುವ ಮೂರು ಕೀಲಿಗಳೆಂದು ಮೇಲೆ ಹೇಳಿದೆವು. ಅವುಗಳಲ್ಲಿ ಮುಖ್ಯವಾದುದು 'ಎಂಟರ್'. ಎರಡು ಕೀಲಿಗಳಷ್ಟು ಅಗಲವಾದ ಏಕಮಾತ್ರ ಕೀಲಿ ಅದು. ಎಚ್‌ಪಿ-35ರಲ್ಲಿ 'ಸಮ' ಚಿಹ್ನೆಯಿಲ್ಲ, ಆವರಣ ಚಿಹ್ನೆಗಳೂ ಇಲ್ಲ. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ಲುಕಾಸಿಯೆವಿಚ್ 1920ರ ದಶಕದಲ್ಲಿ ಆವರಣಗಳಿಲ್ಲದೆ ಸೂತ್ರಗಳನ್ನು ಬರೆಯುವ ಕ್ರಮವೊಂದನ್ನು ಕಂಡುಹಿಡಿದಿದ್ದರು. ಅವರು ಕ್ರಿಯೆಯ ಚಿಹ್ನೆಯನ್ನು ಮೊದಲು ಬರೆದರು, ಇಲ್ಲಿ ಅದು ಕೊನೆಗೆ ಬರುತ್ತದೆ. ಯಂತ್ರದೊಳಗೆ ಸಂಖ್ಯೆಗಳಿಗೆ ನಾಲ್ಕು ಮನೆಗಳಿವೆ. ನಮ್ಮ ಹಳೆಯ ಅಡುಗೆಮನೆಗಳ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಅಡಕಲು ಮಡಕೆಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೊಸ ಸಂಖ್ಯೆಯೊಂದು ಕೆಳಗಿನಿಂದ ಒಳಗೆ ಬಂದರೆ ಉಳಿದುವು ಒಂದೊಂದು ಮನೆ ಮೇಲೇರುತ್ತವೆ. ಕ್ರಿಯೆಯ ಕೀಲಿಯನ್ನೊತ್ತಿದಾಗ ಕೆಳಗಿನ ಎರಡು ಸೇರಿ ಒಂದಾಗಿ, ಮೇಲಿನವು ಕೆಳಗಿಳಿಯುತ್ತವೆ. ನಮ್ಮ ಪ್ರಿಸಂ ಲೆಕ್ಕವನ್ನು ಹೀಗೆ ಮಾಡಬೇಕು: 60, ಎಂಟರ್, 38, ಕೂಡು, 2, ಭಾಗಿಸು, ಸೈನ್, 60, ಎಂಟರ್, 2, ಭಾಗಿಸು, ಸೈನ್, ಭಾಗಿಸು. ನಡುವೆ ಕಾಗದದ ಮೇಲೆ ಏನನ್ನೂ ಬರೆದುಕೊಳ್ಳಬೇಕಾಗಿಲ್ಲ. 49ರ ಸೈನು ಮೇಲಿನ ಮನೆಯಲ್ಲಿ ಕಾದಿರುತ್ತದೆ. ಪ್ರತಿ ಹೆಜ್ಜೆಯ ಫಲವೂ ಕಿಟಕಿಯಲ್ಲಿ ಕಾಣಿಸಿಕೊಳ್ಳುವುದರಿಂದ 98 ಬಂದಿತೇ, 49 ಬಂದಿತೇ ಎಂದು ನೋಡುತ್ತ ಹೋಗಬಹುದು.

ಇದಕ್ಕೆ ಪ್ರತಿಯಾಗಿ ಟಿಐ-30 ಮೊದಲಾದ ಯಂತ್ರಗಳಲ್ಲಿ ಸೂತ್ರವನ್ನು ಪುಸ್ತಕದಲ್ಲಿ ಬರೆದ ಕ್ರಮದಲ್ಲಿಯೇ ಒತ್ತುತ್ತೇವೆ. ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ನಿಯಮವನ್ನು ಯಂತ್ರವೇ ಪಾಲಿಸುತ್ತದೆ. ಕಲಿಯುವವರಿಗೆ ಇದು ಸುಲಭ. ಮಾರುಕಟ್ಟೆಯಲ್ಲಿ ಗೆದ್ದುದೂ ಇದೇ. ನಮ್ಮ ವಿದ್ಯಾರ್ಥಿಗಳು ಇಂದು ಬಳಸುವ ಕ್ಯಾಲ್ಕುಲೇಟರುಗಳೆಲ್ಲ ಬಹುಮಟ್ಟಿಗೆ ಈ ವಂಶದವೇ. ಆದರೆ ಬರೆದಂತೆಯೇ ಒತ್ತುವುದು ಎಂಬ ಮಾತಿನಲ್ಲಿ ಒಂದು ಮೋಸವಿದೆ. ನಾವು ಬರೆಯುವ ಗಣಿತದಲ್ಲಿ ಅನೇಕ ವಿಷಯಗಳು ಕಣ್ಣಿನ ಊಹೆಗೆ ಬಿಟ್ಟಿರುತ್ತವೆ. '1/2ಎಕ್ಸ್' ಎಂದು ಒಂದೇ ಸಾಲಿನಲ್ಲಿ ಬರೆದರೆ ಅದು ಎಕ್ಸಿನ ಅರ್ಧವೋ, ಎರಡು ಎಕ್ಸಿನ ವ್ಯುತ್ಕ್ರಮವೋ? ಎಕ್ಸ್ 4 ಆಗಿದ್ದರೆ 1993ರ ಟಿಐ-82 ಯಂತ್ರವು 0.125 ಎನ್ನುತ್ತದೆ, ಅದೇ ಸಂಸ್ಥೆಯ 1996ರ ಟಿಐ-83 ಯಂತ್ರವು 2 ಎನ್ನುತ್ತದೆ. ಎರಡೂ ತಮ್ಮ ತಮ್ಮ ನಿಯಮಕ್ಕೆ ಬದ್ಧವಾಗಿವೆ. ಋಣಚಿಹ್ನೆಯದೂ ಇದೇ ಪಾಡು. ಸಂಖ್ಯೆಯ ಹಿಂದೆ ಋಣಚಿಹ್ನೆಯನ್ನು ಹಾಕಿ −2² ಎಂದು ಒತ್ತಿದರೆ ಇಂದಿನ ಯಂತ್ರ −4 ಎಂದು ತೋರಿಸುತ್ತದೆ. 2 ಒತ್ತಿ, ಚಿಹ್ನೆ ಬದಲಿಸಿ, ವರ್ಗಿಸುವ ಯಂತ್ರದಲ್ಲಿ 4 ಬರುತ್ತದೆ. ಅಡಕಲಿನ ಯಂತ್ರದಲ್ಲಿ ಇಂಥ ಸಂದೇಹ ಹುಟ್ಟುವುದೇ ಇಲ್ಲ, ಏಕೆಂದರೆ ಯಾವ ಕ್ರಿಯೆ ಮೊದಲು ಎಂಬುದನ್ನು ಬಳಸುವವನೇ ನಿರ್ಧರಿಸಬೇಕು. ಅದನ್ನು ನಿರ್ಧರಿಸಲಾರದವನಿಗೆ ಸೂತ್ರವೇ ಅರ್ಥವಾಗಿಲ್ಲ ಎಂದು ಹೇಳುವ ಅಧ್ಯಾಪಕರಿದ್ದಾರೆ; ನಾವು ಅಷ್ಟು ಕಠಿಣವಾಗಿ ಹೇಳಲಾರೆವು.

ಎಚ್‌ಪಿ-45ರಲ್ಲಿಯೂ ಕೀಲಿಗಳ ಸಂಖ್ಯೆ 35ೇ ಆಗಿದ್ದಿತು. ಆದರೆ ಅವುಗಳಲ್ಲಿ ಒಂದನ್ನು ಹೊನ್ನಿನ ಬಣ್ಣದ್ದಾಗಿ ಮಾಡಿ, ಅದನ್ನು ಒತ್ತಿದ ಮೇಲೆ ಇತರ ಅನೇಕ ಕೀಲಿಗಳಿಗೆ ಎರಡನೆಯ ಅರ್ಥವನ್ನು ಕೊಟ್ಟರು. ವರ್ಗಮೂಲವು ವರ್ಗದ ಹಿಂದೆ ಸರಿಯಿತು. ಘಾತವು ವ್ಯುತ್ಕ್ರಮದ ಹಿಂದೆ. 'ಆರ್ಕ್' ಎಂಬ ಸಣ್ಣ ಉಪಾಯವೇ ಇಲ್ಲಿ ಇಡೀ ಕೀಲಿಮಣೆಯನ್ನು ವ್ಯಾಪಿಸಿತೆನ್ನಬೇಕು. ಇದಾದ ಮೇಲೆ ಫಲನಗಳ ಸಂಖ್ಯೆಗೆ ಮಿತಿಯೇ ಉಳಿಯಲಿಲ್ಲ. ಒಂದನ್ನು ಸೇರಿಸಿದರೆ ಇನ್ನೊಂದನ್ನು ಬಿಡಬೇಕೆಂಬ ಕಟ್ಟು ಸಡಿಲವಾಯಿತು. ಅದರೊಡನೆ, ಇದು ಬಳಸುವವನಿಗೆ ನಿಜವಾಗಿ ಬೇಕೇ ಎಂಬ ಪ್ರಶ್ನೆಯೂ ಸಡಿಲವಾಯಿತು. ಅದೇ ಯಂತ್ರದಲ್ಲಿ ಕೋನಗಳಿಗೆ ಡಿಗ್ರಿ, ರೇಡಿಯನ್, ಗ್ರೇಡಿಯನ್ ಎಂಬ ಮೂರು ಸ್ಥಿತಿಗಳೂ ಬಂದವು. ಗ್ರೇಡಿಯನ್ನೆಂದರೆ ವೃತ್ತವನ್ನು 400 ಭಾಗ ಮಾಡಿದ ಮಾನ. ಯೂರೋಪಿನ ಭೂಮಾಪಕರಲ್ಲಿ ಬಳಕೆಯಲ್ಲಿರುವಂಥದು. ನಮ್ಮ ಪಠ್ಯಕ್ರಮದಲ್ಲಿ ಅದಕ್ಕೆ ಏನೂ ಕೆಲಸವಿಲ್ಲ.

ಇನ್ನು ಮೊದಲು ಹೇಳಿದ ಮೂರು ಉತ್ತರಗಳಿಗೆ ಹಿಂದಿರುಗೋಣ. 1.509 ಡಿಗ್ರಿಯ ಸ್ಥಿತಿಯಲ್ಲಿದ್ದ ಯಂತ್ರದ್ದು, ಅದು ಸರಿ. 0.965 ಎಂಬುದು ರೇಡಿಯನ್ನಿನದು. 49 ಮತ್ತು 30 ರೇಡಿಯನ್‌ಗಳ ಸೈನುಗಳು ಎರಡೂ ಋಣಸಂಖ್ಯೆಗಳಾದುದರಿಂದ ಅವುಗಳ ಭಾಗಲಬ್ಧ ಧನವಾಗಿ ಬಂದಿದೆ. ಆದರೂ ಗಾಜಿನ ಸೂಚ್ಯಂಕವು ಒಂದಕ್ಕಿಂತ ಕಡಿಮೆಯಾಗಲಾರದೆಂಬುದನ್ನು ಬಲ್ಲ ವಿದ್ಯಾರ್ಥಿಗೆ ಅದು ಕೂಡಲೇ ಸಿಕ್ಕಿಬೀಳುತ್ತದೆ. 1.533 ಎಂಬುದು ಗ್ರೇಡಿಯನ್ನಿನದು. ಇದೇ ಅಪಾಯಕಾರಿಯಾದುದು. ಗ್ರೇಡಿಯನ್ ಡಿಗ್ರಿಯ ಒಂಬತ್ತು ದಶಾಂಶದಷ್ಟಿರುವುದರಿಂದ ಉತ್ತರವು ಹೆಚ್ಚು ದೂರ ಹೋಗದೆ, ಗಾಜುಗಳ ಸೂಚ್ಯಂಕದ ವ್ಯಾಪ್ತಿಯಲ್ಲಿಯೇ ನಿಲ್ಲುತ್ತದೆ. ವಿದ್ಯಾರ್ಥಿಗೆ ಸಂಶಯ ಬರುವುದಿಲ್ಲ. ಪುಸ್ತಕವನ್ನು ತಿದ್ದುವವರಿಗೂ ಬರುವುದಿಲ್ಲ; ಅಳತೆಯಲ್ಲಿ ಸ್ವಲ್ಪ ದೋಷವಿರಬಹುದೆಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ. ನಮ್ಮಲ್ಲಿ ಬಹಳ ಪ್ರಚಲಿತವಾದ ಕ್ಯಾಸಿಯೋ ಎಫ್‌ಎಕ್ಸ್-82 ಎಂಎಸ್ ಮಾದರಿಯಲ್ಲಿ 'ಮೋಡ್' ಕೀಲಿಯನ್ನು ಎರಡು ಸಲ ಒತ್ತಿ ಡಿಗ್ರಿಗೆ 1, ರೇಡಿಯನ್ನಿಗೆ 2, ಗ್ರೇಡಿಯನ್ನಿಗೆ 3 ಒತ್ತಬೇಕು. ಮೂರೂ ಒಂದೇ ಸಾಲಿನ ಅಕ್ಕಪಕ್ಕದ ಕೀಲಿಗಳು. ಆಗಿರುವ ಬದಲಾವಣೆಯನ್ನು ಸೂಚಿಸಲು ಕಿಟಕಿಯ ಮೇಲಂಚಿನಲ್ಲಿ ಸಾಸಿವೆಯಷ್ಟು ಒಂದು ಅಕ್ಷರವುಂಟು.

ಎಚ್‌ಪಿ-35ರಲ್ಲಿ ಈ ತಪ್ಪು ಸಾಧ್ಯವೇ ಇರಲಿಲ್ಲ. ಅದು ಡಿಗ್ರಿಯನ್ನು ಮಾತ್ರ ಬಲ್ಲುದಾದುದರಿಂದ, ಮತ್ತೊಬ್ಬರು ಬಳಸಿ ಇಟ್ಟ ಯಂತ್ರವನ್ನು ಯಾರು ಬೇಕಾದರೂ ಎತ್ತಿಕೊಂಡು ನೆಚ್ಚಬಹುದಾಗಿತ್ತು. ಕೀಲಿಗಳ ಕೊರತೆಯಿಂದ ಬಂದ ಈ ಗುಣವು ಕೀಲಿಗಳ ಸಮೃದ್ಧಿಯಲ್ಲಿ ಕಳೆದುಹೋಯಿತು. ಹಾಗೆಂದು ರೇಡಿಯನ್ನು ಬೇಡವೆಂದು ನಾವು ವಾದಿಸುವುದಿಲ್ಲ. ಕಲನಶಾಸ್ತ್ರದ ವಿದ್ಯಾರ್ಥಿಗೆ ಅದಿಲ್ಲದೆ ಸಾಗದು. ಆದರೆ ಸ್ಥಿತಿಯನ್ನು ಬದಲಾಯಿಸುವ ಸಾಧನವು ಕಣ್ಣಿಗೆ ಕಾಣುವ ಸ್ವಿಚ್ಚಾಗಿರಬೇಕೆಂದೂ, ಗ್ರೇಡಿಯನ್ನನ್ನು ಶಾಲೆಗಳಿಗಾಗಿ ಮಾಡಿದ ಮಾದರಿಗಳಿಂದ ತೆಗೆದುಬಿಡಬೇಕೆಂದೂ ನಮ್ಮ ಅಭಿಪ್ರಾಯ. 9100ಎ ಯಂತ್ರದ ರಚನಕಾರರು 1968ರಲ್ಲಿಯೇ ಅಂಥ ಸ್ವಿಚ್ಚನ್ನು ಇಟ್ಟಿದ್ದರು.

ಅಲ್ಲಿಯವರೆಗೆ ಮಾಡಬಹುದಾದುದು ಇಷ್ಟು. ಪ್ರಯೋಗವನ್ನು ಆರಂಭಿಸುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ 30ರ ಸೈನನ್ನು ಒತ್ತಿ ನೋಡಲಿ. 0.5 ಬಂದರೆ ಡಿಗ್ರಿ, −0.988 ಬಂದರೆ ರೇಡಿಯನ್, 0.454 ಬಂದರೆ ಗ್ರೇಡಿಯನ್. ಬಂದ ಸಂಖ್ಯೆಯನ್ನು ಅಳತೆಗಳ ಕೋಷ್ಟಕದ ಮೇಲ್ಗಡೆ ಬರೆದಿಡುವಂತೆ ಹೇಳಿದರೆ, ಪುಸ್ತಕವನ್ನು ತಿದ್ದುವವರಿಗೂ 1.533 ಎಲ್ಲಿಂದ ಬಂದಿತೆಂಬುದು ತಿಳಿಯುತ್ತದೆ.